ಶಾವಂತ್ರವ್ವನ ಬಾಯಿ

ಗದಗ, ಫೆಬ್ರವರಿ ಮೂವತ್ತು, ೨೧೫೮

ಪೂಜ್ಯ ಶಾವಂತ್ರವ್ವನವರಿಗೆ, ನಿಮ್ಮ ಮೊಮ್ಮಗಳ ಮರಿಮಗಳು ನಾಗಲಾಂಬಿಕೆಯ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಪಂಚಾಂಗ ತಿದ್ದಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನನಗೇ ಎಲ್ಲ ಸ್ಪಷ್ಟವಿಲ್ಲ.

ಇಪ್ಪತ್ತಾರನೆಯ ವಯಸ್ಸಿನಲ್ಲಿ ನನಗೆ ಯಾರೂ ಆಡದ ಮಾತುಗಳು ಕೇಳಿಸತೊಡಗಿದವು. ಮಾತ್ರೆ ಕೊಟ್ಟರು. ದನಿಗಳು ನಿಂತವು. ನಾನು ಮತ್ತೆ ನೀರುಮನೆಯ ಕೆಲಸಕ್ಕೆ ಹೋದೆ. ಕೂಡಿಟ್ಟ ಮಳೆನೀರನ್ನು ಓಣಿಓಣಿಗೆ ಹಂಚುವ ಕಟ್ಟಡಕ್ಕೆ ನಾವು ಹಾಗೆನ್ನುತ್ತೇವೆ. ಹನ್ನೊಂದು ವರ್ಷ ಚೆನ್ನಾಗಿಯೇ ಕಳೆದವು. ಆಮೇಲೆ ನನ್ನ ತುಟಿಗಳು ಚಪ್ಪರಿಸತೊಡಗಿದವು, ನಾಲಗೆ ಹೊರಗಿಣುಕತೊಡಗಿತು. ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ, ಖುಷಿಪಟ್ಟರು. ಏಕೆಂದರೆ ಅದು ನಿಮ್ಮ ಬಾಯಿ. ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿ, ಸದ್ದಿಲ್ಲದೆ ಓದಿ ಓದಿ, ನಿಮ್ಮ ತುಟಿಗಳಿಗೆ ಓದುವುದೇ ಚಟವಾಯಿತೆಂಬುದು ನಮ್ಮ ಮನೆಯ ಕಥೆ. ನಿಮ್ಮ ಮೊಮ್ಮಕ್ಕಳು ಅಕ್ಕರೆಯಿಂದ ನಿಮ್ಮಂತೆ ಬಾಯಾಡಿಸಿದರಂತೆ, ಅವರ ಮಕ್ಕಳು ಅವರಂತೆ. ಮಗುವಿಗೆ ಅಕ್ಷರ ಕಲಿಸುವ ದಿನ ಇಂದಿಗೂ ಮನೆಮಂದಿಯೆಲ್ಲ ಸಾಲಾಗಿ ಕೂತು ಹಾಗೆ ಮಾಡುತ್ತೇವೆ.

ಎರಡು ವರ್ಷ ಹೀಗೆಯೇ ಹೋಯಿತು. ಊಟ ಮಾಡುವಾಗ ನಾಲಗೆ ಕಚ್ಚಿಕೊಂಡು ರಕ್ತ ಬಂದ ಮೇಲೆ ಅವ್ವ ನನ್ನನ್ನು ಡಾಕ್ಟರ್ ಫಕೀರೇಶರ ಬಳಿ ಕರೆದೊಯ್ದಳು.

"ಅದು ರೋಗ ಅಲ್ರೀ, ಶಾವಂತ್ರವ್ವನ ಬಾಯಿ. ನಮ್ಮ ಮನ್ಯಾಗ ಎಲ್ಲಾರೂ ಮಾಡ್ತೀವಿ," ಎಂದಳು ಅವ್ವ.

"ಮಾಡೂದು ಬ್ಯಾರೆ, ಆಗೂದು ಬ್ಯಾರೆರೀ. ಇಬ್ರೂ ಮಾಡ್ರಿ. ಈಗ ನಿಲ್ಲಸ್ರಿ," ಎಂದರು ಡಾಕ್ಟರ್.

ಅವ್ವ ನಿಲ್ಲಿಸಿದಳು. ನನ್ನಿಂದಾಗಲಿಲ್ಲ. ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ಮುಟ್ಟಿಸಲು ಹೇಳಿದರು. ಗಮನ ಬೆರಳಿಗೆ ಹೋದಂತೆ ಬಾಯಿ ಇನ್ನೂ ಹೆಚ್ಚು ಆಡಿತು. ಬಳಿಕ ನೆನಪುಗನ್ನಡಿಯಲ್ಲಿ, ಅಂದರೆ ಕಂಡ ಮುಖವನ್ನು ಹಿಡಿದಿಟ್ಟು ಮತ್ತೆ ತೋರುವ ಕನ್ನಡಿಯಲ್ಲಿ, ಅಲ್ಲಿ ಕಾಯುತ್ತ ಕೂತಿದ್ದ ನನ್ನನ್ನು ನನಗೆ ತೋರಿಸಿದರು. ಪೂರ್ತಿ ಒಂದು ತಾಸು, ನನಗರಿವಿಲ್ಲದೆ ಬಾಯಿ ಆಡುತ್ತಲೇ ಇತ್ತು. ಬಹುಕಾಲ ನುಂಗಿದ ಮಾತ್ರೆಯಿಂದ ಹೀಗಾಗುತ್ತದೆಂದರು.

"ಹಂಗಾರ ಇವತ್ತ ಬಿಡ್ತೀನಿ," ಎಂದೆ.

"ಒಮ್ಮಿಗೇ ಬಿಡಬ್ಯಾಡ್ರಿ, ದನಿ ತಿರುಗಿ ಬಂದಾವು. ನಿಧಾನಕ್ಕ ಬದಲಿ ಮಾಡೋಣು."

ಎಂಟು ತಿಂಗಳಾದವು. ನಾಲಗೆ ಸುಮ್ಮನಾಗಿದೆ, ತುಟಿ ಆಗಾಗ ಆಡುತ್ತದೆ. ಪೂರ್ತಿ ಹೋಗುವುದೋ ಇಲ್ಲವೋ ಡಾಕ್ಟರಿಗೂ ತಿಳಿಯದು.

ಮೊನ್ನೆ ಅವ್ವ, ನಾವು ಪೂಜೆ ಮಾಡಿದ್ದೇ ಹೊರತು ತೆರೆಯದ ನಿಮ್ಮ ತಗಡಿನ ಪೆಟ್ಟಿಗೆ ತೆರೆದಳು. ಒಂದು ಕರಡಿನ ಅಂಚಿನಲ್ಲಿ ಕೆಂಪು ಶಾಯಿಯ ನಿಮ್ಮ ಅಕ್ಷರ: "ಬಾಯಿ ನಾ ಆಡಸಾಕತ್ತಿಲ್ಲ. ದನಿ ಕೇಳಬಾರದಂತ ಗುಳಿಗಿ ಕೊಟ್ಟಾರ. ಅದನ್ನ ತಗೊಂಡು ಬಾಳ ವರ್ಷಕ್ಕ ಇದು ಸುರು ಆತು. ಹುಡುಗ್ರು ನಗತಾವ, ನಾನೂ ನಗತೇನಿ. ಯಾರಿಗೆ ಹೇಳ್ಲಿ?"

ಮುಂದಿನ ವಾರ ತಮ್ಮನ ಮಗಳಿಗೆ ಅಕ್ಷರಾಭ್ಯಾಸ. ಸಾಲಾಗಿ ಕೂತು ಬಾಯಾಡಿಸುವುದೋ ಬೇಡವೋ? ಅದು ನಿಮ್ಮ ನೆನಪೋ, ನಿಮ್ಮ ನೋವಿನ ಅಣಕವೋ? ನನ್ನ ತುಟಿಯಲ್ಲಿ ನಿಮ್ಮದೆಷ್ಟು, ಮಾತ್ರೆಯದೆಷ್ಟು? ತಿಳಿಯುತ್ತಿಲ್ಲ.

ಈ ಪತ್ರ ನಿಮ್ಮ ಕೈ ಸೇರದೆಂದು ಬಲ್ಲೆ. ಆದರೂ ಕೇಳಿಕೊಳ್ಳುತ್ತೇನೆ. ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ. ಆದರೆ ಆ ಹಾಳೆಯನ್ನು ಮಡಚಿಡುವ ಮುನ್ನ ನಿಮ್ಮ ಡಾಕ್ಟರಿಗೆ ತೋರಿಸಿ. ಮಕ್ಕಳು ನಕ್ಕಾಗ ನೀವು ನಗಬೇಡಿ, ಶಾವಂತ್ರವ್ವಾ. ನಿಮ್ಮ ಆ ನಗುವನ್ನು ನಾವು ನೂರು ವರ್ಷ ನಂಬಿಬಿಟ್ಟೆವು.