ಸುಣ್ಣದ ಕೆಳಗಿನ ಕೊಡೆ

ಮಾನ್ಯ ಚುನಾವಣಾಧಿಕಾರಿಗಳೇ,

ನಿಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಒಂದು ಫೋಟೋ ಇದೆ. ಅದು ನಮಗೆ ಬೇಕು. ಈ ತಿಂಗಳ ಕೊನೆಗೆ ನೀವು ಅದನ್ನು ಸುಡಲಿದ್ದೀರಿ. ಅರ್ಜಿ ಕೊಟ್ಟೆವು, ಕೈಕಟ್ಟಿ ನಿಂತೆವು, ನಿಮ್ಮ ಕೋಣೆಯ ಬಾಗಿಲು ತೆರೆಯಲಿಲ್ಲ. ಹಾಗಾಗಿ ಒಳಗೆ ಬಂದು ಮೆಲ್ಲಗೆ ಹೇಳಬೇಕಾದ್ದನ್ನು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತಿದ್ದೇನೆ.

ನಿಮ್ಮ ಕಡತದಲ್ಲಿ ಆ ಫೋಟೋಗೆ ‘ಸಾರ್ವಜನಿಕರಿಗೆ ಕಾಣುವಂತೆ ಅಭ್ಯರ್ಥಿಯ ಚಿಹ್ನೆ ಪ್ರದರ್ಶನ: ತೆರವಿಗೆ ಮುನ್ನ’ ಎಂಬ ಘನವಾದ ಹೆಸರಿದೆ. ನಮ್ಮ ಬೀದಿಯಲ್ಲಿ ಅದನ್ನು ‘ಪಾಪು ಕೊಡೆ’ ಎನ್ನುತ್ತೇವೆ. ನಮ್ಮ ಟೈಲರಕ್ಕನ ಮಗಳು ಒಂದು ಬೇಸಿಗೆ ರಜೆಯಲ್ಲಿ ಅಮ್ಮನ ಇಸ್ತ್ರಿಪೆಟ್ಟಿಗೆಯಿಂದ ಇದ್ದಿಲಿನ ಚೂರು ಕದ್ದು, ಎದುರುಮನೆಯ ಟೀಚರಮ್ಮನ ಗೋಡೆಯ ಮೇಲೆ ಗೀಚಿದ ಕೊಡೆ ಅದು. ಕೊಡೆಯ ಕೆಳಗೆ ದೊಡ್ಡದೊಂದು ಗೆರೆಗೊಂಬೆ, ಪಕ್ಕದಲ್ಲಿ ಚಿಕ್ಕದೊಂದು. ಟೀಚರಮ್ಮ ಅವತ್ತು ಕಿವಿ ಹಿಂಡಿದ್ದರು. ಮುಂದಿನ ಮಳೆಗಾಲದಲ್ಲಿ, ರಸ್ತೆ ಯಾವುದು ಚರಂಡಿ ಯಾವುದು ಎಂದು ತಿಳಿಯದಷ್ಟು ನೀರು ನಿಂತಿದ್ದ ಒಂದು ಮಧ್ಯಾಹ್ನ, ಶಾಲೆಯಿಂದ ಬರುತ್ತಿದ್ದ ಮಗು ಅದೇ ಗೋಡೆಯ ಮುಂದೆ ತೆರೆದ ಚರಂಡಿಗೆ ಕಾಲಿಟ್ಟಿತು. ಅದರ ಮೇಲೆ ಚಪ್ಪಡಿ ಇರಬೇಕಿತ್ತು. ನಗರಸಭೆಯ ಕಾಗದದಲ್ಲಿ ಇತ್ತು.

ಆಮೇಲೆ ಆ ಗೋಡೆಗೆ ಎಷ್ಟು ಸಲ ಬಣ್ಣ ಹೊಡೆದರೂ ಅಷ್ಟು ಜಾಗ ಬಿಟ್ಟೇ ಹೊಡೆದರು. ಬೀದಿಯ ವೆಲ್ಡರು ಮೇಲೊಂದು ತಗಡಿನ ಸೂರು ಬಡಿದುಕೊಟ್ಟ. ಕಿವಿ ಹಿಂಡಿದ್ದ ಟೀಚರಮ್ಮನೇ, “ಗೋಡೆ ನಂದು, ಕೊಡೆ ಅವಳ್ದು. ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ” ಎಂದು ಬಣ್ಣದವರನ್ನು ಗದರುತ್ತಿದ್ದರು. ಇದ್ದಿಲು ಎಷ್ಟು ದಿನ ನಿಲ್ಲುತ್ತದೆ ಹೇಳಿ? ಬೀದಿಯೆಲ್ಲ ಕಾದರೆ ನಿಲ್ಲುತ್ತದೆ.

ಟೈಲರಕ್ಕ ಅಳುತ್ತಾ ಕೂರಲಿಲ್ಲ. ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ನಗರಸಭೆಗೆ ಹೋಗಿ ಚಪ್ಪಡಿ ಕೇಳಿದಳು. ಬೈದರು, ನಗೆಯಾಡಿದರು, ನಾಳೆ ಬಾ ಎಂದರು. ಅವಳು ನಾಳೆಯೂ ಹೋದಳು. ವರ್ಷಗಳ ಮೇಲೆ ನಮ್ಮ ಬೀದಿಗೆ ಚಪ್ಪಡಿ ಬಂತು, ಆಮೇಲೆ ಪಕ್ಕದ ಬೀದಿಗೆ. ಆದರೆ ಒಂದೊಂದು ಚಪ್ಪಡಿಗೂ ಒಂದೊಂದು ಧರಣಿ. ಹೋದ ವರ್ಷ ನನ್ನ ಮನೆಗೆ ಬಂದು ಹೇಳಿದಳು: “ಎಷ್ಟು ದಿನ ಅಂತ ಹೊರಗೆ ನಿಂತು ಕೂಗೋದು ಅಣ್ಣಾ? ಒಳಗೆ ಒಂದು ಕುರ್ಚಿ ಸಿಕ್ಕಿದ್ರೆ ಕೂತ್ಕೊಂಡು ಕೂಗ್ತೀನಿ. ಕಾಲು ನೋಯುತ್ತೆ ನಂಗೂ.” ನಗರಸಭೆ ಚುನಾವಣೆಗೆ ಅವಳ ನಾಮಪತ್ರಕ್ಕೆ ನಾನು ಸೂಚಕನಾಗಿ ಸಹಿ ಹಾಕಿದೆ. ಚಿಹ್ನೆಯ ಆಯ್ಕೆ ಬರೆಯುವಾಗ, “ಕೊಡೆ ಬರಿ ತಂಗಿ, ಬೀದಿಗೆ ಬೀದಿಯೇ ಓಟು ಹಾಕುತ್ತೆ” ಎಂದವನೂ ನಾನೇ. ಅವಳ ಮುಖ ಕೆಂಪಾಯಿತು. “ನನ್ನ ಮಗಳನ್ನ ತೋರಿಸಿ ಯಾರಾದ್ರೂ ಓಟು ಕೇಳಿದ್ರೆ ಮೈಕು ಕಿತ್ತು ಬಿಸಾಕ್ತೀನಿ. ನಿಮಗೂ ಸೇರಿಸಿ ಹೇಳ್ತಿದೀನಿ.” ಹೊಲಿಗೆ ಯಂತ್ರ ಎಂದು ಬರೆದಳು.

ಇನ್ನು ಮುಂದಿನದು ನಿಮಗೆ ನೆನಪಿರಬೇಕು. ಹೊಲಿಗೆ ಯಂತ್ರವನ್ನು ಇನ್ನೊಬ್ಬರೂ ಕೇಳಿದ್ದರು. ಚೀಟಿ ಎತ್ತಿಸಿದಿರಿ, ಅದು ಅವರ ಪಾಲಾಯಿತು. ಉಳಿದ ಚಿತ್ರಗಳ ಮೇಲೆ ನಿಮ್ಮ ಬೆರಳು ಓಡಾಡಿ, ಕೊಡೆಯ ಮೇಲೆ ನಿಂತಿತು. ಟೈಲರಕ್ಕ ಎದ್ದು ನಿಂತಳು. “ಸಾರ್, ಅದೊಂದು ಬೇಡ. ಪೊರಕೆ ಕೊಡಿ, ಬೀಗ ಕೊಡಿ, ಏನಾದ್ರೂ ಕೊಡಿ.” ನೀವು ತಲೆಯೆತ್ತದೆ ಅಂದಿರಿ: “ಕೊಡೆಗೇನಮ್ಮಾ ಆಗಿದೆ? ಬಿಸಿಲಿಗೂ ಆಗುತ್ತೆ, ಮಳೆಗೂ ಆಗುತ್ತೆ.” ಸಭೆಯೆಲ್ಲ ನಕ್ಕಿತು. ಒಳ್ಳೆಯ ತಮಾಷೆಯೇ, ಒಪ್ಪಿದೆ. ಮಳೆಗೂ ಆಗುತ್ತದೆ.

ಒಂದು ವಾರ ಕಳೆಯುವುದರೊಳಗೆ ನಿಮ್ಮ ನೀತಿ ಸಂಹಿತೆಯ ಜೀಪು ನಮ್ಮ ಬೀದಿಗೆ ಬಂತು. ಒಂದು ಬಕೆಟ್ಟು, ಒಂದು ಬ್ರಷ್ಷು, ಒಂದು ಕ್ಯಾಮೆರಾ. ಟೀಚರಮ್ಮ ಕೋಲೂರಿಕೊಂಡು ಹೊರಗೆ ಬಂದರು. “ಅಯ್ಯಾ, ಅದು ಮಗು ಗೀಚಿದ್ದು. ಆ ಮಗುವೇ ಇಲ್ಲ ಈಗ.” ತಂಡದ ಮುಖ್ಯಸ್ಥರ ಉತ್ತರ: “ಚಿಹ್ನೆ ಅಂದ್ರೆ ಚಿಹ್ನೆ ಅಜ್ಜಿ, ಯಾರು ಬರೆದ್ರೇನು? ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೋದಲ್ಲಿ ಬರ್ತೀರ.” ಫೋಟೋ ಹೊಡೆದರು, ಸುಣ್ಣ ಹೊಡೆದರು, ಇನ್ನೊಂದು ಫೋಟೋ ಹೊಡೆದರು. ಕೊಡೆಯನ್ನು ಕೊಟ್ಟವರು ನೀವು. ಅಳಿಸಿದವರು ನೀವು. ಅಳಿಸಬೇಕಾಗಿ ಬಂದದ್ದಕ್ಕೆ ಅವಳ ಮೇಲೆ ಕೇಸು ಹಾಕಿದವರೂ ನೀವೇ. ಒಬ್ಬರೇ ಇಷ್ಟೆಲ್ಲ ಕೆಲಸ ಮಾಡಿದರೆ ಆಯಾಸವಾಗುವುದಿಲ್ಲವೇ?

ಅದೇ ವಾರ ಹಾಲಿ ಸದಸ್ಯರ ಹೆಸರು ಕೊರೆದ ಶಂಕುಸ್ಥಾಪನೆ ಕಲ್ಲುಗಳಿಗೆ ನಿಮ್ಮವರು ಬಿಳಿ ಬಟ್ಟೆ ಸುತ್ತಿ, ದಾರ ಕಟ್ಟಿ, ಹಸುಗೂಸಿಗೆ ಹೊದಿಸಿದಂತೆ ಹೊದಿಸಿದ್ದರು. ಫಲಿತಾಂಶ ಬಂದ ಮರುದಿನ ಬಿಚ್ಚಿದರು, ಒಂದಕ್ಷರವೂ ಮಾಸಿರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವುದನ್ನು ಬರೀ ಗಾದೆ ಎಂದುಕೊಂಡಿದ್ದೆ. ನೀವು ಬಕೆಟ್ಟಿನಲ್ಲಿ ಕಲಸಿಯೇ ತಂದಿರಿ. ಆ ಕೊಡೆಗೂ ಒಂದು ತುಂಡು ಬಟ್ಟೆ ಕಟ್ಟಿದ್ದರೆ ಸಾಕಿತ್ತಲ್ಲ? ನಿಮ್ಮಲ್ಲಿ ಇಲ್ಲದಿದ್ದರೆ ನಮ್ಮನ್ನು ಕೇಳಬಾರದಿತ್ತೇ? ಟೈಲರ್ ಮನೆಯಲ್ಲಿ ಬಟ್ಟೆಗೆ ಬರವೇ?

ಸುದ್ದಿ ತಿಳಿದು ಟೈಲರಕ್ಕ ಓಡಿಬಂದಳು. ಸುಣ್ಣ ಇನ್ನೂ ಹಸಿಯಿತ್ತು. ಬೇಗ ಒರೆಸಿದರೆ ಕೆಳಗಿನದು ಉಳಿಯುತ್ತದೆ ಎಂದುಕೊಂಡಳು. ನಾವೂ ಹಾಗೇ ಅಂದುಕೊಂಡೆವು. ತಡೆಯಲಿಲ್ಲ, ನೀರು ತಂದುಕೊಟ್ಟೆವು. ಲೈನಿಂಗ್ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಮೆಲ್ಲಗೆ ಒರೆಸಿದಳು. ಸುಣ್ಣ ಬಂತು. ಜೊತೆಗೆ ಇದ್ದಿಲೂ ಬಂತು. ಗೋಡೆಯಲ್ಲಿ ಏನೂ ಉಳಿಯಲಿಲ್ಲ, ಬಟ್ಟೆ ಬೂದಿಬಣ್ಣವಾಯಿತು. ಅವಳು ಆ ಬಟ್ಟೆಯನ್ನು ಇನ್ನೂ ಒಗೆದಿಲ್ಲ.

ಆಮೇಲೆ ಅವಳು ಯಾರ ಬಾಗಿಲಿಗೂ ಹೋಗಿ ಓಟು ಕೇಳಲಿಲ್ಲ. ಸೋತಳು. ಸೋಲಿನ ಬಗ್ಗೆ ನಮ್ಮ ತಕರಾರಿಲ್ಲ. ಬಡವರ ಚಳವಳಿಗೆ ಸೋಲು ಹೊಸ ನೆಂಟನೇನಲ್ಲ. ಆದರೆ ಇದ್ದಷ್ಟು ಕಾಲ ಆ ಕೊಡೆಯ ಫೋಟೋ ನಮ್ಮಲ್ಲಿ ಯಾರೂ ತೆಗೆದಿರಲಿಲ್ಲ ಸ್ವಾಮಿ. ದಿನಾ ಕಣ್ಣೆದುರು ಇರುವುದರ ಫೋಟೋ ಯಾರು ತೆಗೆಯುತ್ತಾರೆ? ತೆಗೆದವರು ನೀವೊಬ್ಬರೇ. ಈಗ ಬೀದಿಯಲ್ಲಿ ಜಗಳ ಶುರುವಾಗಿದೆ. ಕೊಡೆಯ ಹಿಡಿ ಎಡಕ್ಕೆ ಬಾಗಿತ್ತು ಎಂದು ಟೀಚರಮ್ಮ, ಬಲಕ್ಕೆ ಎಂದು ನಾನು, ಹಿಡಿಯೇ ಇರಲಿಲ್ಲ ಎಂದು ವೆಲ್ಡರು. ಟೈಲರಕ್ಕ ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ನಿಮ್ಮ ಗುಮಾಸ್ತರ ಮುಂದೆ ಮಾತ್ರ ಬಾಯಿಬಿಟ್ಟಳು.

“ಫೋಟೋ ಇದೆಯಮ್ಮ, ಚೆನ್ನಾಗೇ ಬಂದಿದೆ. ಆದ್ರೆ ಆರೋಪಿಗೆ ಸಾಕ್ಷ್ಯ ಕೊಡೋ ಹಾಗಿಲ್ಲ.”

“ಕೊಡ್ಬೇಡಿ ಸಾರ್. ಒಂದ್ಸಲ ತೋರಿಸಿ. ನನಗೇ ಮರೆತುಹೋಗ್ತಿದೆ.”

“ಸೋತೋರ ಮೇಲಿನ ಸಣ್ಣಪುಟ್ಟ ಕೇಸೆಲ್ಲ ಈ ತಿಂಗಳೇ ಕೈಬಿಡ್ತಿದ್ದಾರೆ, ಫೈಲು ಸುಡ್ತಾರೆ. ನಿಮಗೆ ಒಳ್ಳೇದೇ ಆಯ್ತಲ್ಲ, ಖುಷಿಪಡಿ.”

ಮಾನ್ಯರೇ, ನಾವು ಖುಷಿಪಡುತ್ತಿಲ್ಲ. ದಯವಿಟ್ಟು ಕೇಸು ಕೈಬಿಡಬೇಡಿ. ನಡೆಸಿ. ಅವಳನ್ನು ಕಟಕಟೆಗೆ ಕರೆಯಿರಿ, ಬೀದಿಯವರೆಲ್ಲ ಹಿಂದೆ ಬಂದು ನಿಲ್ಲುತ್ತೇವೆ. ತಪ್ಪು ಒಪ್ಪಿಕೋ ಎಂದರೆ ಒಪ್ಪಿಕೊಳ್ಳುತ್ತಾಳೆ. ಕೊಡೆ ಬರೆದದ್ದು ತನ್ನ ಮಗಳೇ ಎಂದು ಎಷ್ಟು ಸಲ ಬೇಕಾದರೂ ಹೇಳುತ್ತಾಳೆ. ಆದರೆ ಸಾಕ್ಷ್ಯ ಎಂದು ಆ ಫೋಟೋವನ್ನು ಅವಳ ಕೈಗೆ ಕೊಟ್ಟು, “ಇದೇನಾ?” ಎಂದು ಕೇಳಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಒಂದು ಲಕೋಟೆಯಲ್ಲಿಟ್ಟು ಕಳಿಸಿ. ಕ್ಷಮೆ ಬೇಡ, ಪರಿಹಾರ ಬೇಡ, ಸ್ಪಷ್ಟೀಕರಣವಂತೂ ಬೇಡವೇ ಬೇಡ. ಆ ಮಗುವನ್ನು ಒಮ್ಮೆ ನೀರಿಗೆ ಕೊಟ್ಟಿದ್ದೇವೆ, ಒಮ್ಮೆ ಸುಣ್ಣಕ್ಕೆ ಕೊಟ್ಟಿದ್ದೇವೆ. ಬೆಂಕಿಗೆ ಕೊಡಲಾರೆವು.

ಇಂತಿ,
ಆ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದ,
ಹಿಡಿ ಬಲಕ್ಕೇ ಇತ್ತೆಂದು ವಾದಿಸುತ್ತಿರುವ, ಆದರೆ ಈಗೀಗ ಅನುಮಾನ ಬರುತ್ತಿರುವ,
ಒಬ್ಬ ಹಳೆಯ ಗಿರಣಿ ಕಾರ್ಮಿಕ