‘ಅಂತೆ’ಯನ್ನು ನುಂಗಿದವರಿಗೆ

ಮಾನ್ಯ ಸಂಶೋಧನಾ ನಿರ್ದೇಶಕರೇ,

ಮಲೆನಾಡಿನ ಗುಂಪು ಹಲ್ಲೆಗಳ ಕುರಿತು ನಿಮ್ಮ ವಿಭಾಗ ಹೊರತಂದಿರುವ ದಪ್ಪ ಪುಸ್ತಕದಲ್ಲಿ ನನ್ನ ತಮ್ಮ ಪೂರ್ಣೇಶನನ್ನು ‘ಮಕ್ಕಳ ಕಳ್ಳ’ ಎಂದು ಅಚ್ಚು ಹಾಕಿಸಿದ್ದೀರಿ. ಅವನು ಕಳ್ಳನಲ್ಲ. ಅವನ ಬೈಕಿನಲ್ಲಿದ್ದ ಮಗು ನನ್ನ ಮಗಳು.

ನಾಲ್ಕು ವರ್ಷದ ಸ್ಪಂದನಾಳನ್ನು ಬೇಸಿಗೆ ರಜೆಗೆಂದು ಸಾಗರದಿಂದ ತೀರ್ಥಹಳ್ಳಿಯ ನನ್ನ ತವರಿಗೆ ಕರೆದೊಯ್ಯುತ್ತಿದ್ದ. ಹೊಸನಗರದ ದಾರಿಯಲ್ಲಿ ಅವಳು ಅಮ್ಮ ಬೇಕೆಂದು ರಚ್ಚೆ ಹಿಡಿದಳು. ಬಿಸ್ಕೆಟ್ ಕೊಡಿಸಿ ಸಮಾಧಾನ ಮಾಡೋಣವೆಂದು ಒಂದು ಅಂಗಡಿಯ ಮುಂದೆ ನಿಲ್ಲಿಸಿದ. ಅಲ್ಲಿದ್ದವರ ಮೊಬೈಲುಗಳಿಗೆ ಯಾರೋ ಪುಣ್ಯಾತ್ಮನ ದನಿ ಆಗಲೇ ತಲುಪಿತ್ತು: “ಕೆಂಪು ಅಂಗಿಯೋನು ಅಳೋ ಮಗೂನ ಕೂರಿಸ್ಕಂಡು ಬರ್ತಿದಾನಂತೆ. ಮಕ್ಕಳ ಕಳ್ಳನಂತೆ.” ಮೊದಲು ಕೈ, ಆಮೇಲೆ ಬೇಲಿಯ ಗೂಟ, ಕೊನೆಗೆ ಕಲ್ಲು. ಮಗು “ನಮ್ಮ ಮಾಮ, ಹೊಡೀಬೇಡಿ” ಎಂದು ಕಿರುಚುತ್ತಿತ್ತು. ಒಬ್ಬ ಅವಳನ್ನು ಎತ್ತಿಕೊಂಡು, “ಹೆದರ್ಬೇಡ ಪುಟ್ಟಿ, ನಿನ್ನ ಬಿಡಿಸ್ಕಂಡ್ವಲ್ಲ” ಎಂದು ಬೆನ್ನು ತಟ್ಟಿದ. ಉಳಿದವರು ಪೂರ್ಣೇಶನ ತಲೆ ಒಡೆದರು. ಆಸ್ಪತ್ರೆಗೆ ಸೇರಿಸುವ ಮೊದಲೇ ಸತ್ತ.

ನಿಮ್ಮ ಸಂಶೋಧಕರು ‘ಕಳ್ಳ’ ಎಂಬ ಮಾತಿಗೆ ಮೂರು ‘ಸ್ವತಂತ್ರ ಆಕರ’ಗಳನ್ನು ಕೊಟ್ಟಿದ್ದಾರೆ. ಒಂದು ಲೇಖನ, ಒಂದು ಜಾಲತಾಣ, ಒಂದು ಪತ್ರಿಕೆ; ಮೂರನ್ನೂ ಹುಡುಕಿ ಓದಿದೆ. ಲೇಖನ ಜಾಲತಾಣವನ್ನು ನಕಲು ಮಾಡಿದೆ, ಜಾಲತಾಣ ಪತ್ರಿಕೆಯನ್ನು, ಪತ್ರಿಕೆ ಅದೇ ಮೊಬೈಲಿನ ದನಿಯನ್ನು. ಮೂರು ಬಾಯಲ್ಲ ಸ್ವಾಮಿ, ಒಂದೇ ಬಾಯಿಯ ಎಂಜಲು. ದನಿಯಲ್ಲಿ ‘ಕಳ್ಳನಂತೆ’ ಎಂದಿತ್ತು. ಪತ್ರಿಕೆಯಲ್ಲಿ ‘ಕಳ್ಳನೆನ್ನಲಾದ’ ಆಯಿತು. ನಿಮ್ಮಲ್ಲಿ ಬರೀ ‘ಕಳ್ಳ’. ಕೊಂದವರ ಬಾಯಲ್ಲೂ ಉಳಿದಿದ್ದ ಒಂದು ‘ಅಂತೆ’ಯನ್ನು ಪಿಎಚ್.ಡಿ. ಮಾಡಿದವರು ನುಂಗಿ ನೀರು ಕುಡಿದರಲ್ಲ! ಅವರು ಗೂಟದಲ್ಲಿ ಹೊಡೆದರು, ನೀವು ಅಡಿಟಿಪ್ಪಣಿಯಲ್ಲಿ. ಯಾರ ಏಟು ಹೆಚ್ಚು ಕಾಲ ಉಳಿಯುತ್ತದೆ, ಹೇಳಿ?

ನಿಮ್ಮ ಕಚೇರಿಗೆ ಫೋನ್ ಮಾಡಿದರೆ, “ನೀವು ಸಂಬಂಧಿಕರು ಮೇಡಂ, ನಿಮ್ಮ ಮಾತನ್ನ ಆಕರ ಅಂತ ತಗೊಳ್ಳೋಕಾಗಲ್ಲ” ಎಂಬ ಉತ್ತರ ಬಂತು. ಭೇಷ್! ಹೊಡೆದವರ ಮಾತು ತಟಸ್ಥ, ಹೆಣದ ಮುಖದಿಂದ ರಕ್ತ ಒರೆಸಿದವಳ ಮಾತು ಪಕ್ಷಪಾತ. ಅವನು ನಿರಪರಾಧಿಯೆಂದು, ಹೊಡೆದವರ ಮೇಲೆ ಪೊಲೀಸರು ಹಾಕಿದ ದೋಷಾರೋಪ ಪಟ್ಟಿಯೇ ಹೇಳುತ್ತದೆ. ಅದನ್ನು ತೆರೆದು ನೋಡಲು ನಿಮಗೆ ಪುರುಸೊತ್ತಿರಲಿಲ್ಲವೇ? ನನಗೆ ಬರುವ ಸಿಟ್ಟಿಗೆ ನಿಮ್ಮ ಪುಸ್ತಕವನ್ನು ಕಲ್ಲಿನ ಮೇಲಿಟ್ಟು ಜಜ್ಜಬೇಕೆನಿಸುತ್ತದೆ.

ಸ್ಪಂದನಾ ಈಗ ಎಂಟನೇ ತರಗತಿ. ಗ್ರಂಥಾಲಯದಲ್ಲಿ ಆ ಪುಟ ಓದಿ ಬಂದವಳು ಊಟ ಮಾಡಲಿಲ್ಲ. “ಅಮ್ಮಾ, ಮಾಮ ನನ್ನ ನಿಜವಾಗ್ಲೂ ಕದ್ಕಂಡು ಹೋಗ್ತಿದ್ನಾ? ಬಿಸ್ಕೆಟ್ ಕೊಡ್ಸಕೆ ನಿಲ್ಸಿದ್ದು ನಂಗೆ ನೆನಪಿದೆ. ಆದ್ರೆ ಪುಸ್ತಕದಲ್ಲಿ ಹಿಂಗೆ ಬರ್ದಿದಾರಲ್ಲ, ನಂದೇ ತಪ್ಪಿರ್ಬೋದಾ?” ಎಂದು ಕೇಳಿದಳು. ಅವನ ಪರವಾಗಿ ಕಣ್ಣಾರೆ ಕಂಡದ್ದನ್ನು ಹೇಳಬಲ್ಲ ಜೀವ ಅದೊಂದೇ. ಅವಳ ನೆನಪಿಗೂ ಕೈ ಹಾಕಿದಿರಿ.

ಪುಸ್ತಕವನ್ನು ಹಿಂದಕ್ಕೆ ಪಡೆಯಿರಿ. ತಿದ್ದುಪಡಿಯ ಚೀಟಿ ಅಂಟಿಸಿ ಕೈ ತೊಳೆದುಕೊಳ್ಳಬೇಡಿ. ನಮ್ಮ ಮನೆಗೆ ಬಂದು, ಅವಳ ಮುಂದೆ ನಿಂತು ಹೇಳಿ: “ನಿನಗೆ ನೆನಪಿರುವುದೇ ಸರಿ ಮಗಳೇ. ನಾವು ಬರೆದದ್ದು ಸುಳ್ಳು.”

ಇಂತಿ,
ನಿಮ್ಮ ಲೆಕ್ಕದಲ್ಲಿ ನಂಬಿಕೆಗೆ ಅರ್ಹಳಲ್ಲದ, ಸತ್ತವನ ಅಕ್ಕ
ವರದಾ, ಸಾಗರ