ಕೆಂಪು ಸೀರೆ ಸರ್ಕಲ್

ಜನವರಿ ೮, ಬೆಳಿಗ್ಗೆ
ಮುದ್ದೇಬಿಹಾಳದ ಚರಿತ್ರೆಯಲ್ಲಿ ದಾಖಲಾಗತಕ್ಕ ಸುದ್ದಿ: ನನ್ನ ಹೆಂಡತಿ ಜಯಮಾಲಾ ಇಂದು ಕೆಂಪು ಸೀರೆ ಒಗೆದು ಮಾಳಿಗೆ ಮೇಲೆ ಒಣಹಾಕಿದಳು. ಜಲ್ಲಿ ಖಡಿ ತರಲು ಕಲ್ಲಿನ ಖಣಿಗೆ ಹೊರಟಿದ್ದ ಟಿಪ್ಪರ್‌ಗಳು ಮನೆ ಮುಂದೆ ಗಕ್ಕನೆ ನಿಂತವು.
"ಯಾಕೋ ತಮ್ಮಾ, ನಿಂತಿ?" ಎಂದೆ, ಡ್ರೈವರ್ ಮುತ್ತುರಾಜನಿಗೆ. ಹೊಸಬ.
"ಸುರಂಗ ಹಾರಸಾಕತ್ತಾರಲ್ರಿ ಸರ. ಮ್ಯಾಲ ಕೆಂಪು ನಿಶಾನಿ ಕಟ್ಯಾರ, ನೋಡ್ರಿ!"
ಕಲ್ಲು ಸಿಡಿಸುವಾಗ ಖಣಿಯವರು ಕಟ್ಟುವ ಬಾವುಟ ಎಂದುಕೊಂಡಿದ್ದಾನೆ. ತಿದ್ದಲಿಲ್ಲ. ನಮ್ಮ ಮನೆ ಮುಂದೆ ಇಷ್ಟು ಗಾಡಿ ನಿಂತದ್ದು ಮದುವೆಯಲ್ಲೂ ಇಲ್ಲ.

ಜನವರಿ ೨೧
ನಿಂತವರಿಗೆ ಚಾ ಬೇಕಲ್ಲ. ನೆರೆಮನೆಯ ಪೀರಬಿ ರಸ್ತೆಯ ಎದುರಿಗೆ ಒಲೆ ಹೂಡಿದ್ದಾಳೆ. ಸೀರೆ ದಿನಾ ಒಣಗುತ್ತಿದೆ... ಉಟ್ಟದ್ದು ಮಾತ್ರ ಕಂಡಿಲ್ಲ. ಅನುಮಾನ.

ಏಪ್ರಿಲ್ ೨
ಪಂಕ್ಚರ್ ಅಂಗಡಿ. ಖಾನಾವಳಿ. ಲಾಡ್ಜಿಗೆ ಬುನಾದಿ. ಪಕ್ಕದ ಜೋಳದ ಹೊಲದಲ್ಲಿ ಪ್ಲಾಟಿನ ಕಲ್ಲು. ಕಂಡಕ್ಟರ್ ಕೂಗುತ್ತಾನೆ: "ಕೆಂಪ್ ಸೀರಿ ಸರ್ಕಲ್, ಇಳೀರಿ!" ಅದು ಸೀರೆ ಎಂದು ಎಲ್ಲರಿಗೂ ಗೊತ್ತು. ಆದರೂ ಡ್ರೈವರ್‌ಗಳು ಚಾಕ್ಕೆ ನಿಲ್ಲುತ್ತಾರೆ. ತಡ ಯಾಕೆಂದು ಗಾಡಿ ಸಾಹುಕಾರ ಕೇಳಿದರೆ "ನಿಶಾನಿ ಇತ್ರಿ" ಅನ್ನಬಹುದಲ್ಲ.
ಇಂದು ಹಗ್ಗದ ಮೇಲೆ ಹೊಸ ಕೆಂಪು ಸೀರೆ. ಅಂಚು ಬೇರೆ. ನಾನು ಕೊಡಿಸಿದ್ದಲ್ಲ. ಪೀರಬಿಯಿಂದ ಪುಕ್ಕಟೆ ಮಿರ್ಚಿ ಭಜಿ ಬೇರೆ.
"ಜಯಮಾಲಾ, ಇದು ಲಂಚ ಏನ?"
"ತಿನ್ನೂಮುಂದ ಭಜಿ, ತಿಂದ ಮ್ಯಾಲ ಲಂಚ ಏನ್ರಿ? ಬಾಯಿ ಒರಸ್ಕೋರಿ ಮೊದಲ."

ಏಪ್ರಿಲ್ ೧೯
ನಗು ಬರುತ್ತಿಲ್ಲ. ಖಣಿ ತಿರುವಿನಲ್ಲಿ ನಿಜವಾದ ಬಾವುಟ ಕಟ್ಟಿದ್ದರಂತೆ. ಮುತ್ತುರಾಜ ನಿಲ್ಲಲಿಲ್ಲ. ಮುಂದಿನ ಗಾಜು ಒಡೆದು ಕಲ್ಲು ಒಳಬಂತು. ಹಣೆಗೆ ಹೊಲಿಗೆ.
"ಯಾರದರೆ ಸೀರಿ ಇರಬೇಕಂತ ಹ್ವಾದ್ನಿರಿ ಸರ," ಎಂದ, ಆಸ್ಪತ್ರೆಯಲ್ಲಿ.
ಬೆರಳಷ್ಟು ಕೆಳಗೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು.

ಏಪ್ರಿಲ್ ೨೦, ಮಧ್ಯಾಹ್ನ
ಸೀರೆ ಇಂದೂ ಮೇಲೆ! ತೆಗೆ ಎಂದು ಬಾಯಿಬಿಟ್ಟು ಹೇಳಿದರೆ ಪೀರಬಿಯ ಒಲೆ ಆರಿಸಿದ ಪಾಪ ನನ್ನ ತಲೆಗೆ. ಆದರೆ ಈ ಡೈರಿ ಇಟ್ಟಲ್ಲಿ ಇರುವುದಿಲ್ಲ. ಏಪ್ರಿಲ್ ಎರಡರ ಪುಟಕ್ಕೆ ಭಜಿ ಎಣ್ಣೆ ಹತ್ತಿದೆ. ನಾನು ಬರೆದದ್ದು ಕೈ ತೊಳೆದ ಮೇಲೆ...
ಹೊರಗೆ ಸೀಟಿ. ಇದು ಸುರಂಗ ಹಾರಿಸುವ ಮುನ್ನ ಖಣಿಯವರು ಊದುವುದೇ. ಟಿಪ್ಪರ್‌ಗಳು ಬರುತ್ತಿವೆ, ತಡೆಯಲು ಓಡುತ್ತೇನೆ. ಕದ್ದು ಓದುವವಳಲ್ಲಿ ಒಂದು ಸಣ್ಣ ವಿನಂತಿ: ಮಾಳಿಗೆ ಹತ್ತಿ ಆ ಸೀರೆ ಇಳಿಸು. ಊರಿಗೆ ಒಂದೇ ಕೆಂಪು ಇರಲಿ, ಖಣಿಯದು. ಕ್ಲಿಪ್ಪು ಬಿಗಿ ಇವೆ, ಹರಿದರೂ ಚಿಂತೆಯಿಲ್ಲ, ಹೊಸದು ನಾನೇ ಕೊಡಿಸುತ್ತೇನೆ, ಹಸಿರು—